ಹೊಸಕೋಟೆಯ ಕೋಣೆಗೆ ಇಳಿಯುವ ಹಾನ್ಲೆಯ ಆಕಾಶ

ಹೊಸಪೇಟೆಯಿಂದ ಬೆಂಗಳೂರು ತಲುಪಿ, ಕೋಲಾರದ ದಾರಿ ಹಿಡಿದರೆ ಹೊಸಕೋಟೆ. ಅಲ್ಲಿಂದ ಶಿಡ್ಲಘಟ್ಟ ರಸ್ತೆಗೆ ಹೊರಳಿದರೆ ಭಾರತೀಯ ಖಭೌತ ಸಂಸ್ಥೆಯ ‘ಕ್ರೆಸ್ಟ್’ ಆವರಣ. ಸುತ್ತ ಬಯಲುಸೀಮೆ. ಒಳಗೆ ಕಂಪ್ಯೂಟರುಗಳಿರುವ ಒಂದು ಕೋಣೆ. ಅಲ್ಲಿ ಕೂತವರು ರಾತ್ರಿಯಿಡೀ ತಿರುಗಿಸುವ ದೂರದರ್ಶಕ ಮಾತ್ರ ಎರಡು ಸಾವಿರ ಕಿಲೋಮೀಟರಿಗೂ ಆಚೆ, ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿದೆ.

ಅದೇ ಹಿಮಾಲಯನ್ ಚಂದ್ರ ದೂರದರ್ಶಕ. ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ಇದರ ಕನ್ನಡಿ 2 ಮೀಟರ್ ಅಗಲ. ಮೊದಲ ಸಲ ನಕ್ಷತ್ರದ ಬೆಳಕು ಹಿಡಿದದ್ದು 2000ರಲ್ಲಿ. ಒಣಹವೆ, ಕಡುಗತ್ತಲು, ತಿಳಿಯಾದ ಆಕಾಶ ಎಲ್ಲವೂ ಅಲ್ಲಿವೆ. ಆದರೆ ಉಸಿರಾಡಲು ಗಾಳಿ ಸಾಲದು. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಅದಕ್ಕೇ ಉಪಗ್ರಹದ ಮೂಲಕ ಹೊಸಕೋಟೆಯಿಂದಲೇ ನಡೆಸುವ ಏರ್ಪಾಡು.

ಸಂಶೋಧನಾ ವಿದ್ಯಾರ್ಥಿನಿ ತನಗೆ ಬೇಕಾದ ನಕ್ಷತ್ರದ ಸ್ಥಾನವನ್ನು ಟೈಪ್ ಮಾಡುತ್ತಾಳೆ. ಆದೇಶ 36,000 ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ಏರಿ, ಹಾನ್ಲೆಗೆ ಇಳಿದು, ಉತ್ತರ ಮರಳಲು ಸುಮಾರು ಅರ್ಧ ಸೆಕೆಂಡು. ಪರದೆಯ ಮೇಲೆ ಚುಕ್ಕಿಗಳು ಮೂಡುತ್ತವೆ. ಕೈಯಲ್ಲಿರುವ ನಕ್ಷೆಯ ಜೊತೆ ಒಂದೊಂದನ್ನೂ ತಾಳೆ ನೋಡಿ, ಇದೇ ಎಂದು ಖಾತ್ರಿಯಾದ ಮೇಲೆಯೇ ಕ್ಯಾಮೆರಾ ತೆರೆಯುವುದು. ಒಂದು ಕಣ್ಣು ಸದಾ ಹಾನ್ಲೆಯ ಗಾಳಿ ಮತ್ತು ತೇವಾಂಶದ ಅಂಕಿಗಳ ಮೇಲೆ. ಮಿತಿ ಮೀರಿದರೆ ಗುಮ್ಮಟ ಮುಚ್ಚಲೇಬೇಕು. ಹೊಸಕೋಟೆಯಲ್ಲಿ ಅಕ್ಟೋಬರಿನ ಮಳೆ ಹೊಯ್ಯುತ್ತಿದ್ದರೂ ಕೆಲಸ ನಿಲ್ಲದು, ಲೆಕ್ಕಕ್ಕೆ ಬರುವುದು ಅಲ್ಲಿನ ಮುಗಿಲು. ಡಿಸೆಂಬರಿನಲ್ಲಂತೂ ಹಾನ್ಲೆಯ ರಾತ್ರಿ ನಮ್ಮದಕ್ಕಿಂತ ಒಂದು ಗಂಟೆಗೂ ಹೆಚ್ಚು ಉದ್ದ.

ದೂರದಿಂದ ನಡೆಯುತ್ತದೆ ಎಂದ ಮಾತ್ರಕ್ಕೆ ಅಲ್ಲಿ ಯಾರೂ ಇಲ್ಲವೆಂದಲ್ಲ. ಕ್ಯಾಮೆರಾ ತಣ್ಣಗಿರಲು ದ್ರವ ಸಾರಜನಕ ತುಂಬುವ, ಕೆಟ್ಟದ್ದನ್ನು ರಿಪೇರಿ ಮಾಡುವ ಎಂಜಿನಿಯರುಗಳು ಆ ಚಳಿಯಲ್ಲೇ ಇರುತ್ತಾರೆ. ಹೊಸಕೋಟೆಯ ಬೆಚ್ಚನೆಯ ಕೋಣೆ ನಿಂತಿರುವುದು ಅವರ ಶ್ರಮದ ಮೇಲೆ.

ಹಾನ್ಲೆಯಲ್ಲಿ ಚಂದ್ರ ದೂರದರ್ಶಕದ ಪಕ್ಕದಲ್ಲೇ 2018ರಿಂದ ‘ಗ್ರೋಥ್–ಇಂಡಿಯಾ’ ಎಂಬ 70 ಸೆಂಟಿಮೀಟರಿನ ದೂರದರ್ಶಕವೂ ಇದೆ. ಖಭೌತ ಸಂಸ್ಥೆ ಮತ್ತು ಮುಂಬೈ ಐಐಟಿ ಜೊತೆಯಾಗಿ ಕಟ್ಟಿದ್ದು. ರಾತ್ರಿಯ ಪಟ್ಟಿ ಕೊಟ್ಟರೆ ತಾನೇ ತಿರುಗಿ ಚಿತ್ರ ತೆಗೆಯುತ್ತದೆ. ಹಠಾತ್ತನೆ ಹೊಳೆದು ಮಂಕಾಗುವ ಸೂಪರ್‌ನೋವಾಗಳ ಬೆನ್ನು ಹತ್ತುವುದು ಇದರ ಕಾಯಕ. ಐಐಟಿ ವಿದ್ಯಾರ್ಥಿಗಳು ಇದರ ಮೇಲೆ ಕೆಲಸ ಮಾಡಿ ಪಳಗುತ್ತಿದ್ದಾರೆ.

ಇದನ್ನು ನೋಡುವಾಗಲೆಲ್ಲ ನನಗೆ ನಮ್ಮ ಹೊಸಪೇಟೆ ಕಡೆಯ ಕಾಲೇಜುಗಳು ನೆನಪಾಗುತ್ತವೆ. ಹಂಪಿಯ ಬಂಡೆಗಳ ಮೇಲೆ ಕೂತು ನಕ್ಷತ್ರ ಎಣಿಸಿದ ಮಕ್ಕಳಿಗೆ ಈಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಯ ಬೆಳಕು ಆಕಾಶಕ್ಕೆ ಅಡ್ಡ ಬರುತ್ತದೆ. ಆದರೆ ಹಾನ್ಲೆಗೆ ಹೊಸಕೋಟೆ ಎಷ್ಟು ದೂರವೋ ಸಂಡೂರು, ಕಂಪ್ಲಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಸಂಶೋಧಕರು ಅರ್ಜಿ ಹಾಕಿ ರಾತ್ರಿಗಳನ್ನು ಪಡೆಯುವ ಈ ವ್ಯವಸ್ಥೆಯಲ್ಲಿ ಖಭೌತ ಸಂಸ್ಥೆ ಒಂದೆರಡು ಗಂಟೆಯನ್ನು ನಮ್ಮ ಕಡೆಯ ಬಿಎಸ್ಸಿ ಮಕ್ಕಳಿಗೆ ತೆಗೆದಿಟ್ಟು, ಅವರ ಪ್ರಯೋಗಾಲಯದ ಪರದೆಗೇ ಆ ಚುಕ್ಕಿಗಳನ್ನು ಕಳಿಸಲಿ. ನಕ್ಷೆ ಹಿಡಿದು ತಾಳೆ ನೋಡುವ ಕೆಲಸವನ್ನು ಅವರೇ ಮಾಡುತ್ತಾರೆ.