ಬಲದಿಂದ ಎಡಕ್ಕೆ ಓದಬೇಕಾದ ಹೆಸರುಗಳು

ಅಂತರಜಾಲದಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ, ಮನುಷ್ಯರು ಅವನ್ನು ಗುರುತಿಸುವುದು ಹೆಸರುಗಳಿಂದ. ಈ ಎರಡರ ನಡುವಿನ ಅಂತರವನ್ನು ಕ್ಷಣಕ್ಷಣವೂ ತುಂಬಿಕೊಡುವ ಏರ್ಪಾಡಿಗೆ ಡೊಮೈನ್ ನೇಮ್ ಸಿಸ್ಟಂ ಅಥವಾ ಸಂಕ್ಷೇಪವಾಗಿ ಡಿಎನ್ಎಸ್ ಎಂದು ಹೆಸರು. ಜಾಲದಲ್ಲಿ ವ್ಯವಹರಿಸುವ ಯಂತ್ರಗಳನ್ನು ತಲುಪಲು ಐಪಿ ವಿಳಾಸ ಎಂಬ ಸಂಖ್ಯೆ ಬೇಕು. ಇಂದಿಗೂ ವ್ಯಾಪಕ ಬಳಕೆಯಲ್ಲಿರುವ ಅದರ ನಾಲ್ಕನೆಯ ಆವೃತ್ತಿಯಲ್ಲಿ ಈ ಸಂಖ್ಯೆಗೆ 32 ಬಿಟ್‌ಗಳ ಅಳತೆಯಿದ್ದು, ಒಟ್ಟು ಸುಮಾರು 429 ಕೋಟಿ ವಿಳಾಸಗಳಿಗೆ ಮಾತ್ರ ಅವಕಾಶವಿದೆ; ಅದು ಸಾಲದಾದ್ದರಿಂದ 128 ಬಿಟ್‌ಗಳ ಆರನೆಯ ಆವೃತ್ತಿಯೂ ಜೊತೆಯಲ್ಲೇ ಚಾಲ್ತಿಗೆ ಬಂದಿದೆ. ಇಂಥ ಸಂಖ್ಯೆಗಳನ್ನು ಯಾರೂ ನೆನಪಿಟ್ಟುಕೊಳ್ಳಲಾರರು, ನೆನಪಿಟ್ಟುಕೊಂಡರೂ ಪ್ರಯೋಜನವಿಲ್ಲ, ಏಕೆಂದರೆ ಸಂಸ್ಥೆಯೊಂದು ತನ್ನ ಸರ್ವರನ್ನು ಬದಲಿಸಿದ ದಿನವೇ ಸಂಖ್ಯೆಯೂ ಬದಲಾಗಬಹುದು. ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಜಗತ್ತಿನ ಎಲ್ಲ ಹೆಸರುಗಳೂ ಅವುಗಳ ಸಂಖ್ಯೆಗಳೂ ಇರುವ ಸಂಪೂರ್ಣ ಪಟ್ಟಿ ಎಲ್ಲೋ ಒಂದು ಕಡೆ ಇದೆ ಎಂದು ಹಲವರು ಭಾವಿಸುವುದುಂಟು. ಅಂಥ ಪಟ್ಟಿ ಎಲ್ಲಿಯೂ ಇಲ್ಲ, ಮತ್ತು ಅದು ಇಲ್ಲದಿರುವುದೇ ಈ ವ್ಯವಸ್ಥೆಯ ಬಲ.

ಒಂದು ಕಾಲಕ್ಕೆ ಅಂಥ ಪಟ್ಟಿ ಇತ್ತು. ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್‌ನಲ್ಲಿದ್ದ ಕಂಪ್ಯೂಟರ್‌ಗಳ ಹೆಸರು ಮತ್ತು ವಿಳಾಸಗಳನ್ನೆಲ್ಲ ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿರುವ ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಮಾಹಿತಿ ಕೇಂದ್ರವು ಒಂದೇ ಕಡತದಲ್ಲಿ ಬರೆದಿಡುತ್ತಿತ್ತು. ಆ ಕೇಂದ್ರದ ಮುಖ್ಯಸ್ಥೆ ಎಲಿಜಬೆತ್ ಫೈನ್‌ಲರ್. ಹೊಸ ಯಂತ್ರವನ್ನು ಜಾಲಕ್ಕೆ ಸೇರಿಸುವವರು ಕೇಂದ್ರಕ್ಕೆ ವಿಷಯ ತಿಳಿಸಬೇಕಿತ್ತು, ಅಲ್ಲಿನ ಸಿಬ್ಬಂದಿ ಅದನ್ನು ಕಡತಕ್ಕೆ ಸೇರಿಸುತ್ತಿದ್ದರು, ಉಳಿದ ಯಂತ್ರಗಳೆಲ್ಲ ಆಗಾಗ ಆ ಕಡತದ ಹೊಸ ಪ್ರತಿಯನ್ನು ಇಳಿಸಿಕೊಳ್ಳುತ್ತಿದ್ದವು. ಯಂತ್ರಗಳು ಕೆಲವು ನೂರರಷ್ಟಿದ್ದಾಗ ಈ ಪದ್ಧತಿ ಸಾಕಾಗಿತ್ತು. ಜಾಲ ಬೆಳೆದಂತೆ ಕಡತವೂ ಬೆಳೆಯಿತು, ಅದನ್ನು ಇಳಿಸಿಕೊಳ್ಳುವವರ ಸಂಖ್ಯೆಯೂ ಬೆಳೆಯಿತು, ಒಂದು ಹೆಸರು ಸೇರಿ ಎಲ್ಲೆಡೆ ತಲುಪುವಷ್ಟರಲ್ಲಿ ಮಾಹಿತಿ ಹಳತಾಗತೊಡಗಿತು.

ಇದಕ್ಕೆ ಪರಿಹಾರ ಹುಡುಕುವ ಕೆಲಸವನ್ನು ಜಾನ್ ಪೋಸ್ಟೆಲ್ ಅವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇನ್‌ಫರ್ಮೇಶನ್ ಸೈನ್ಸಸ್ ಇನ್‌ಸ್ಟಿಟ್ಯೂಟ್‌ನಲ್ಲಿ ತಮ್ಮ ಸಹೋದ್ಯೋಗಿಯಾಗಿದ್ದ ಪಾಲ್ ಮೊಕಪೆಟ್ರಿಸ್ ಅವರಿಗೆ ವಹಿಸಿದರು. 1983ರ ನವೆಂಬರ್‌ನಲ್ಲಿ ಮೊಕಪೆಟ್ರಿಸ್ ಪ್ರಕಟಿಸಿದ ಎರಡು ದಸ್ತಾವೇಜುಗಳಲ್ಲಿ ಇಂದಿನ ಡಿಎನ್ಎಸ್‌ನ ತಳಹದಿ ಇದೆ. 1987ರಲ್ಲಿ ಅವುಗಳ ಪರಿಷ್ಕೃತ ರೂಪ ಬಂದಿತು, ಅದು ಇಂದಿಗೂ ಮೂಲಮಾನಕವಾಗಿ ಉಳಿದಿದೆ. ಅವರ ಕಲ್ಪನೆಯ ತಿರುಳು ಅಧಿಕಾರದ ಹಂಚಿಕೆ. ಒಂದು ಹಳ್ಳಿಯ ಪಹಣಿಯನ್ನು ವಿಧಾನಸೌಧದಲ್ಲಿ ಬರೆದಿಡದೆ ರಾಜ್ಯವು ಜಿಲ್ಲೆಗೆ, ಜಿಲ್ಲೆಯು ತಾಲ್ಲೂಕಿಗೆ, ತಾಲ್ಲೂಕು ಹೋಬಳಿಗೆ ಹೊಣೆ ಹಂಚಿಕೊಡುವಂತೆ, ಇಲ್ಲಿಯೂ ಪ್ರತಿ ಹಂತವು ತನ್ನ ಕೆಳಗಿನ ಹಂತ ಯಾರ ಸುಪರ್ದಿನಲ್ಲಿದೆ ಎಂಬುದನ್ನು ಮಾತ್ರ ತಿಳಿದಿರುತ್ತದೆ, ಅದರ ಒಳಗಿನ ವಿವರಗಳನ್ನಲ್ಲ. ಒಂದು ಸಂಸ್ಥೆ ತನ್ನ ಹೆಸರಿನಡಿಯಲ್ಲಿ ಹತ್ತು ಹೊಸ ಹೆಸರುಗಳನ್ನು ಸೃಷ್ಟಿಸಲು ಯಾರ ಅನುಮತಿಯನ್ನೂ ಕೇಳಬೇಕಿಲ್ಲ.

ಹಂಚಿಕೆಯ ಈ ಕ್ರಮ ಹೆಸರಿನ ರಚನೆಯಲ್ಲಿಯೇ ಕಾಣುತ್ತದೆ, ಆದರೆ ಅದನ್ನು ಕಾಣಲು ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ಕರ್ನಾಟಕ ಸರ್ಕಾರದ ಜಾಲತಾಣವಾದ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂಬುದನ್ನೇ ತೆಗೆದುಕೊಂಡರೆ, ಬಲತುದಿಯ ‘ಇನ್’ ಭಾರತಕ್ಕೆ ಮೀಸಲಾದ ಮೇಲ್ಮಟ್ಟದ ಡೊಮೈನ್. ಅದರೊಳಗಿನ ‘ಗವ್’ ಸರ್ಕಾರಿ ಸಂಸ್ಥೆಗಳ ವಿಭಾಗ. ಅದರೊಳಗಿನ ‘ಕರ್ನಾಟಕ’ ನಿರ್ದಿಷ್ಟ ಹೆಸರು. ಸಾಮಾನ್ಯವಾಗಿ ಯಾರೂ ಬರೆಯದಿದ್ದರೂ ‘ಇನ್’ನ ನಂತರ ಇನ್ನೊಂದು ಚುಕ್ಕೆ ಇದೆಯೆಂದೇ ವ್ಯವಸ್ಥೆ ಭಾವಿಸುತ್ತದೆ, ಆ ಚುಕ್ಕೆಯ ಬಲಕ್ಕಿರುವ ಶೂನ್ಯಸ್ಥಳವೇ ಎಲ್ಲ ಹೆಸರುಗಳ ಬೇರು, ಅಂದರೆ ರೂಟ್.

ಓದುಗರೊಬ್ಬರು ಈ ಹೆಸರನ್ನು ಮೊಬೈಲಿನಲ್ಲಿ ಬರೆದಾಗ ಮೊಬೈಲ್ ತಾನೇ ಹುಡುಕಾಟಕ್ಕೆ ಹೊರಡುವುದಿಲ್ಲ. ಅದು ಪ್ರಶ್ನೆಯನ್ನು ರಿಸಾಲ್ವರ್ ಎಂಬ ಸರ್ವರ್‌ಗೆ ಒಪ್ಪಿಸುತ್ತದೆ. ಈ ರಿಸಾಲ್ವರನ್ನು ಸಾಮಾನ್ಯವಾಗಿ ಇಂಟರ್‌ನೆಟ್ ಸೇವೆ ಕೊಡುವ ಕಂಪನಿಯೇ ನಡೆಸುತ್ತದೆ. ಬೇಕಾದವರು ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಎಂಬ ಸಾರ್ವಜನಿಕ ರಿಸಾಲ್ವರ್‌ಗಳನ್ನೂ ಬಳಸಬಹುದು. ಆ ಕ್ಷಣಕ್ಕೆ ಏನೂ ಗೊತ್ತಿಲ್ಲದ ರಿಸಾಲ್ವರ್ ಮೊದಲು ರೂಟ್ ಸರ್ವರ್ ಒಂದನ್ನು ಕೇಳುತ್ತದೆ. ರೂಟ್ ಸರ್ವರ್ ವಿಳಾಸವನ್ನು ಕೊಡುವುದಿಲ್ಲ, ‘ಇನ್’ನ ಹೊಣೆ ಹೊತ್ತಿರುವ ಸರ್ವರ್‌ಗಳು ಇಂಥವು ಎಂದಷ್ಟೇ ಹೇಳುತ್ತದೆ. ರಿಸಾಲ್ವರ್ ಅವನ್ನು ಕೇಳಿದರೆ, ಅವು ‘ಗವ್ ಡಾಟ್ ಇನ್’ ನೋಡಿಕೊಳ್ಳುವ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್‌ನ ಸರ್ವರ್‌ಗಳತ್ತ ಬೆರಳು ತೋರಿಸುತ್ತವೆ. ಆ ದಾರಿಯಲ್ಲಿ ಮುಂದುವರಿದರೆ, ಕೊನೆಗೆ ಆ ಹೆಸರಿನ ಬಗ್ಗೆ ಅಧಿಕೃತವಾಗಿ ಉತ್ತರಿಸಬಲ್ಲ ಸರ್ವರ್ ಸಿಕ್ಕಿ, ಐಪಿ ವಿಳಾಸ ಕೈಗೆ ಬರುತ್ತದೆ. ಬರೆಯಲು ಒಂದು ಪ್ಯಾರಾ ಹಿಡಿಯುವ ಈ ಕೆಲಸ ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ.

ಪ್ರತಿ ಸಲವೂ ಇಷ್ಟು ದೂರ ಅಲೆಯಬೇಕಾಗಿದ್ದರೆ ವ್ಯವಸ್ಥೆ ಕುಸಿದು ಬೀಳುತ್ತಿತ್ತು. ಆದ್ದರಿಂದ ರಿಸಾಲ್ವರ್ ತಾನು ಪಡೆದ ಉತ್ತರಗಳನ್ನು ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ, ಅದೇ ಹೆಸರನ್ನು ಮುಂದೆ ಯಾರು ಕೇಳಿದರೂ ಅಲ್ಲಿಂದಲೇ ಉತ್ತರಿಸುತ್ತದೆ. ಉತ್ತರವನ್ನು ಎಷ್ಟು ಹೊತ್ತು ನಂಬಬಹುದು ಎಂಬುದನ್ನು ಉತ್ತರ ಕೊಟ್ಟವರೇ ಸೆಕೆಂಡುಗಳ ಲೆಕ್ಕದಲ್ಲಿ ಸೂಚಿಸಿರುತ್ತಾರೆ. ಈ ಅವಧಿಗೆ ಟಿಟಿಎಲ್ ಎನ್ನುತ್ತಾರೆ. ರೂಟ್ ಸರ್ವರ್‌ಗಳು ಮೇಲ್ಮಟ್ಟದ ಡೊಮೈನ್‌ಗಳ ಬಗ್ಗೆ ಕೊಡುವ ಮಾಹಿತಿಗೆ 1,72,800 ಸೆಕೆಂಡು, ಅಂದರೆ ಪೂರಾ 2 ದಿನಗಳ ಆಯುಷ್ಯವಿರುತ್ತದೆ. ಆಗಾಗ ಬದಲಾಗುವ ವಾಣಿಜ್ಯ ತಾಣಗಳು ಒಂದು ನಿಮಿಷದ ಅವಧಿಯನ್ನು ಇಟ್ಟುಕೊಳ್ಳುವುದೂ ಉಂಟು. ತಾಣವೊಂದನ್ನು ಹೊಸ ಸರ್ವರ್‌ಗೆ ಸ್ಥಳಾಂತರಿಸಿದ ಮೇಲೂ ಕೆಲವರಿಗೆ ಹಳೆಯದೇ ಕಾಣುತ್ತಿರುವುದಕ್ಕೆ ಕಾರಣ ಇದೇ. ಅನುಭವಸ್ಥ ಆಡಳಿತಗಾರರು ಸ್ಥಳಾಂತರಕ್ಕೆ ಕೆಲವು ದಿನ ಮುಂಚೆಯೇ ಟಿಟಿಎಲ್ ತಗ್ಗಿಸಿಟ್ಟುಕೊಳ್ಳುತ್ತಾರೆ.

ಒಂದು ಹೆಸರಿನಡಿಯಲ್ಲಿ ವಿಳಾಸವೊಂದೇ ಅಲ್ಲ, ಬೇರೆ ದಾಖಲೆಗಳೂ ಇರುತ್ತವೆ. ಆ ಹೆಸರಿಗೆ ಬರುವ ಇಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂಬುದನ್ನು ಎಂಎಕ್ಸ್ ದಾಖಲೆಯೂ, ಅದರ ಪರವಾಗಿ ಇಮೇಲ್ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂಬುದನ್ನು ಪಠ್ಯರೂಪದ ಇನ್ನೊಂದು ದಾಖಲೆಯೂ ತಿಳಿಸುತ್ತವೆ.

ರೂಟ್ ಸರ್ವರ್‌ಗಳು 13 ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಜಗತ್ತಿನ ಅಂತರಜಾಲ 13 ಯಂತ್ರಗಳ ಮೇಲೆ ನಿಂತಿದೆ ಎಂಬ ಭಯವೂ ಅದರಿಂದ ಹುಟ್ಟಿದೆ. ವಾಸ್ತವದಲ್ಲಿ 13 ಎಂಬುದು ಎ ಯಿಂದ ಎಂ ವರೆಗಿನ ಅಕ್ಷರಗಳಿಂದ ಗುರುತಿಸುವ ಹೆಸರುಗಳ ಸಂಖ್ಯೆ, ಅವನ್ನು ನಡೆಸುವವು 12 ಸಂಸ್ಥೆಗಳು. ಡಿಎನ್ಎಸ್ ಉತ್ತರವೊಂದು 512 ಬೈಟ್‌ಗಳನ್ನು ಮೀರಬಾರದು ಎಂದು ಆರಂಭದಲ್ಲಿ ಮಿತಿ ಹಾಕಿದ್ದರಿಂದ, ಅಷ್ಟರೊಳಗೆ ಹಿಡಿಸುವಷ್ಟು ಹೆಸರುಗಳನ್ನು ಮಾತ್ರ ಇಡಲಾಯಿತು. ಆದರೆ ಎನಿಕಾಸ್ಟ್ ಎಂಬ ತಂತ್ರದಿಂದ ಒಂದೇ ವಿಳಾಸವನ್ನು ಹಲವು ಊರುಗಳ ಯಂತ್ರಗಳು ಏಕಕಾಲಕ್ಕೆ ಘೋಷಿಸಬಹುದು, ಪ್ರಶ್ನೆಯು ಜಾಲದ ಲೆಕ್ಕದಲ್ಲಿ ಹತ್ತಿರವಿರುವ ಯಂತ್ರಕ್ಕೆ ಹೋಗುತ್ತದೆ. ಹೀಗೆ ಆ 13 ಹೆಸರುಗಳ ಹಿಂದೆ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಸರ್ವರ್ ತಾಣಗಳಿವೆ. ಮುಂಬಯಿ, ದೆಹಲಿ, ಚೆನ್ನೈ ನಗರಗಳಲ್ಲಿಯೂ ಇಂಥ ತಾಣಗಳನ್ನು ಸ್ಥಾಪಿಸಲಾಗಿದೆ.

ತಂತ್ರಜ್ಞಾನ ಹಂಚಿಹೋಗಿದ್ದರೂ, ರೂಟ್‌ನಲ್ಲಿ ಯಾವ ಹೆಸರು ಇರಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಬಹುಕಾಲ ವಿವಾದದಲ್ಲಿತ್ತು. ಮೊದಲ ದಶಕಗಳಲ್ಲಿ ಅದು ಬಹುಮಟ್ಟಿಗೆ ಪೋಸ್ಟೆಲ್ ಒಬ್ಬರ ವಿವೇಚನೆಯ ಮೇಲೆ ನಡೆಯಿತು. 1998ರ ಜನವರಿಯಲ್ಲಿ ಅವರು ರೂಟ್ ಸರ್ವರ್ ನಡೆಸುವವರಲ್ಲಿ ಎಂಟು ಮಂದಿಗೆ ಇಮೇಲ್ ಬರೆದು, ಮೂಲ ಮಾಹಿತಿಯನ್ನು ಅಲ್ಲಿಯವರೆಗಿನ ಸರ್ವರ್ ಬದಲು ತಮ್ಮ ಸರ್ವರ್‌ನಿಂದ ಪಡೆಯುವಂತೆ ಕೋರಿದಾಗ ಅವರೆಲ್ಲ ಒಪ್ಪಿದರು. ಅಮೆರಿಕ ಸರ್ಕಾರ ಆಕ್ಷೇಪಿಸಿದ ಮೇಲೆ ಆ ಬದಲಾವಣೆಯನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ವರ್ಷ ಈ ಹೊಣೆಯನ್ನು ನಿರ್ವಹಿಸಲು ಲಾಭರಹಿತ ಸಂಸ್ಥೆಯಾಗಿ ಐಕ್ಯಾನ್ ಸ್ಥಾಪನೆಯಾಯಿತು, ಅಕ್ಟೋಬರ್‌ನಲ್ಲಿ ಪೋಸ್ಟೆಲ್ ತೀರಿಕೊಂಡರು. ರೂಟ್ ಮೇಲಿನ ಅಮೆರಿಕ ಸರ್ಕಾರದ ಮೇಲ್ವಿಚಾರಣೆ ಕೊನೆಗೊಂಡದ್ದು 2016ರ ಅಕ್ಟೋಬರ್ 1ರಂದು. ಭಾರತದ ‘ಇನ್’ ಡೊಮೈನ್ ಇಂದು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ ಹೊಣೆಯಲ್ಲಿದೆ. ಜನರಿಗೆ ಹೆಸರು ನೋಂದಾಯಿಸಿಕೊಡುವವರು ಅದರಿಂದ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳು. ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳುವುದಿಲ್ಲ, ವರ್ಷಗಳ ಲೆಕ್ಕದಲ್ಲಿ ಗೇಣಿಗೆ ಪಡೆಯುತ್ತಾರೆ ಎಂಬುದನ್ನು ಹಲವು ಸಂಸ್ಥೆಗಳು ನವೀಕರಣ ತಪ್ಪಿಹೋದ ಮೇಲೆಯೇ ಅರಿಯುತ್ತವೆ.

ಹೆಸರಿನ ವ್ಯವಸ್ಥೆ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು 2021ರ ಅಕ್ಟೋಬರ್ 4ರ ರಾತ್ರಿ ಭಾರತೀಯರೂ ಕಂಡರು. ಅಂದು ಫೇಸ್‌ಬುಕ್ ಕಂಪನಿಯ ನಿರ್ವಹಣಾ ಕಾರ್ಯದ ನಡುವೆ ಹೊರಟ ಒಂದು ತಪ್ಪು ಆದೇಶ ಅದರ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಜಾಲವನ್ನೇ ಕಡಿದುಹಾಕಿತು. ಡೇಟಾ ಸೆಂಟರ್‌ಗಳ ಸಂಪರ್ಕ ತಪ್ಪಿದರೆ ತಮ್ಮಲ್ಲಿಗೆ ಬರುವ ದಾರಿಯ ಘೋಷಣೆಯನ್ನು ಹಿಂತೆಗೆದುಕೊಳ್ಳುವಂತೆ ಅದರ ಡಿಎನ್ಎಸ್ ಸರ್ವರ್‌ಗಳನ್ನು ರೂಪಿಸಲಾಗಿತ್ತು. ಅವು ಕೆಟ್ಟಿರಲಿಲ್ಲ, ಆದರೆ ಅವನ್ನು ತಲುಪುವ ದಾರಿ ಹೊರಜಗತ್ತಿಗೆ ಇಲ್ಲವಾಯಿತು. ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು 6 ಗಂಟೆ ಸ್ತಬ್ಧವಾದವು. ಉತ್ತರ ಸಿಗದ ಕೋಟ್ಯಂತರ ಮೊಬೈಲ್‌ಗಳು ಮತ್ತೆ ಮತ್ತೆ ಅದೇ ಹೆಸರನ್ನು ಕೇಳುತ್ತಿದ್ದುದರಿಂದ ಜಗತ್ತಿನ ಇತರ ರಿಸಾಲ್ವರ್‌ಗಳ ಮೇಲೂ ಭಾರ ಬಿದ್ದಿತು.

ಉತ್ತರ ಬಾರದಿರುವುದಕ್ಕಿಂತ ಸುಳ್ಳು ಉತ್ತರ ಬರುವುದು ಹೆಚ್ಚು ಅಪಾಯಕರ. ಮೊದಲ ವಿನ್ಯಾಸದಲ್ಲಿ ಉತ್ತರ ಕೊಟ್ಟವರು ನಿಜವಾದವರೇ ಎಂದು ಪರೀಕ್ಷಿಸುವ ಗಟ್ಟಿಯಾದ ಉಪಾಯ ಇರಲಿಲ್ಲ; ಪ್ರತಿ ಪ್ರಶ್ನೆಗೂ 65,536ರಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತಿತ್ತು, ಅದು ಹೊಂದಿದರೆ ರಿಸಾಲ್ವರ್ ಉತ್ತರವನ್ನು ನಂಬುತ್ತಿತ್ತು. ಆ ಸಂಖ್ಯೆಯನ್ನು ಬೇಗ ಊಹಿಸಿ, ನಿಜವಾದ ಉತ್ತರಕ್ಕಿಂತ ಮೊದಲೇ ಸುಳ್ಳು ಉತ್ತರ ತಲುಪಿಸಿ, ಒಂದು ಇಡೀ ಡೊಮೈನನ್ನೇ ವಶಪಡಿಸಿಕೊಳ್ಳಬಹುದೆಂದು ಭದ್ರತಾ ಸಂಶೋಧಕ ಡ್ಯಾನ್ ಕಾಮಿನ್‌ಸ್ಕಿ 2008ರಲ್ಲಿ ಕಂಡುಕೊಂಡರು. ಅವರು ಅದನ್ನು ಗುಟ್ಟಾಗಿ ತಯಾರಕರಿಗೆ ತಿಳಿಸಿ, ಎಲ್ಲರೂ ಜುಲೈನಲ್ಲಿ ಒಟ್ಟಿಗೇ ತಿದ್ದುಪಡಿ ಬಿಡುಗಡೆ ಮಾಡುವಂತೆ ನೋಡಿಕೊಂಡದ್ದು ಸಾರ್ವಜನಿಕ ಹಿತಕ್ಕೆ ತೋರಿದ ದೊಡ್ಡ ನಿಷ್ಠೆ. ಶಾಶ್ವತ ಪರಿಹಾರವೆಂದರೆ ಉತ್ತರಗಳಿಗೆ ಗೂಢಲಿಪಿಯ ಸಹಿ ಹಾಕುವ ಡಿಎನ್ಎಸ್‌ಸೆಕ್. 2010ರ ಜುಲೈನಲ್ಲಿ ರೂಟ್‌ಗೇ ಸಹಿ ಬಿದ್ದಿತು. ಆ ಸಹಿಯ ಮೂಲ ಕೀಲಿಯನ್ನು ಅಮೆರಿಕದ ಎರಡು ಭದ್ರ ಕೇಂದ್ರಗಳಲ್ಲಿ ಇಡಲಾಗಿದ್ದು, ವರ್ಷಕ್ಕೆ ನಾಲ್ಕು ಬಾರಿ ವಿವಿಧ ದೇಶಗಳ ಸಾಕ್ಷಿದಾರರ ಸಮ್ಮುಖದಲ್ಲಿ, ನೇರಪ್ರಸಾರದ ಕ್ಯಾಮೆರಾ ಎದುರು, ಅದನ್ನು ಹೊರತೆಗೆದು ಬಳಸುತ್ತಾರೆ. 2020ರ ಫೆಬ್ರುವರಿಯಲ್ಲಿ ತಿಜೋರಿಯ ಬೀಗ ತೆರೆಯದೆ, ಅದನ್ನು ಕೊರೆದು ತೆಗೆಯುವವರೆಗೆ ಈ ವಿಧಿ ಮುಂದೂಡಲ್ಪಟ್ಟಿತ್ತು.

ಡಿಎನ್ಎಸ್ ಮೂಲತಃ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗಳ ಬಳಕೆಗೆ ಒಗ್ಗಿಕೊಂಡಿದ್ದರಿಂದ ಕನ್ನಡದಂಥ ಲಿಪಿಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಹಳೆಯ ಸರ್ವರ್‌ಗಳನ್ನು ಮುಟ್ಟದೆಯೇ ಇತರ ಲಿಪಿಗಳಿಗೆ ಜಾಗ ಮಾಡಿಕೊಟ್ಟದ್ದು ಆ ಲಿಪಿಗಳ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ರೂಪಕ್ಕೆ ಬದಲಿಸುವ, 2003ರಲ್ಲಿ ಬಂದ ಪ್ಯೂನಿಕೋಡ್. ಬಳಸುವವರಿಗೆ ‘ಡಾಟ್ ಭಾರತ’ ಎಂದು ಕನ್ನಡದಲ್ಲಿಯೇ ಕಾಣುವ ಮೇಲ್ಮಟ್ಟದ ಡೊಮೈನ್ ರೂಟ್‌ನೊಳಗೆ ‘ಎಕ್ಸ್ಎನ್’ ಎಂಬ ಅಕ್ಷರಗಳು, ಎರಡು ಅಡ್ಡಗೆರೆ, ಆನಂತರ ‘2ಎಸ್‌ಸಿಆರ್‌ಜೆ9ಸಿ’ ಎಂಬ ರೂಪದಲ್ಲಿ ದಾಖಲಾಗಿದೆ. ಇಲ್ಲಿ ಕನ್ನಡಕ್ಕೆ ಅದರದೇ ಆದ ತೊಡಕೊಂದಿದೆ. ಕನ್ನಡ ಮತ್ತು ತೆಲುಗಿನ ಗ, ಜ, ಬ, ಲ ಮುಂತಾದ ಹಲವು ಅಕ್ಷರಗಳು ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಆದರೆ ಯಂತ್ರಕ್ಕೆ ಬೇರೆ ಬೇರೆ ಸಂಕೇತಗಳು. ಕನ್ನಡದ ಹೆಸರನ್ನೇ ಹೋಲುವ ತೆಲುಗು ಲಿಪಿಯ ಹೆಸರನ್ನು ಇನ್ನೊಬ್ಬರು ಪಡೆದರೆ ಓದುಗರಿಗೆ ವ್ಯತ್ಯಾಸ ತಿಳಿಯದು. ಆದ್ದರಿಂದ ರೂಟ್‌ಗೆ ಸಂಬಂಧಿಸಿದ ಲಿಪಿ ನಿಯಮಗಳಲ್ಲಿ ಇಂಥ ಜೋಡಿಗಳನ್ನು ಗುರುತಿಸಿ, ಒಂದು ಹೆಸರು ಒಬ್ಬರ ಪಾಲಾದ ಮೇಲೆ ಅದರ ಸಮರೂಪವು ಬೇರೆಯವರಿಗೆ ಸಿಗದಂತೆ ಮಾಡಲಾಗಿದೆ. ಈ ಕೆಲಸಕ್ಕೆ ಬೇಕಾದದ್ದು ಲಿಪಿಯ ಆಳವಾದ ತಿಳಿವಳಿಕೆ. ಕನ್ನಡದ ಹೆಸರುಗಳ ಬಳಕೆ ಇನ್ನೂ ಬಹಳ ವಿರಳ. ರಾಜ್ಯದ ವಿಶ್ವವಿದ್ಯಾಲಯಗಳೂ ಇಲಾಖೆಗಳೂ ತಮ್ಮ ತಾಣಗಳಿಗೆ ಕನ್ನಡದ ಹೆಸರನ್ನೂ ಪಡೆದು ಬಳಸಬೇಕು.

ಡಿಎನ್ಎಸ್‌ಸೆಕ್ ಸಹಿಯಾಗಲಿ ಲಿಪಿ ನಿಯಮಗಳಾಗಲಿ ತಡೆಯಲಾರದ ಮೋಸ ಇನ್ನೊಂದಿದೆ: ಬೇರೆಯದೇ ಹೆಸರನ್ನು ಕಾನೂನುಬದ್ಧವಾಗಿಯೇ ನೋಂದಾಯಿಸಿ, ಅದನ್ನು ಬ್ಯಾಂಕಿನದೆಂದು ನಂಬಿಸುವುದು. ಇದನ್ನು ತಗ್ಗಿಸಲು ಭಾರತೀಯ ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕ್‌ಗಳಿಗೆ ಮಾತ್ರ ಮೀಸಲಾದ ‘ಬ್ಯಾಂಕ್ ಡಾಟ್ ಇನ್’ ಎಂಬ ವಿಭಾಗವನ್ನು 2025ರಲ್ಲಿ ಜಾರಿಗೆ ತಂದು, ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕ್‌ಗಳೂ ಅದಕ್ಕೆ ಬದಲಾಗುವಂತೆ ಸೂಚಿಸಿತು. ಅದರಲ್ಲಿ ಹೆಸರು ಕೊಡುವ ಏಕೈಕ ಸಂಸ್ಥೆ ಹೈದರಾಬಾದಿನ ಐಡಿಆರ್‌ಬಿಟಿ. ಆದರೆ ಈ ರಕ್ಷಣೆ ಉಪಯೋಗಕ್ಕೆ ಬರುವುದು ಹೆಸರನ್ನು ಸರಿಯಾಗಿ ಓದುವವರಿಗೆ ಮಾತ್ರ. ‘ಬ್ಯಾಂಕ್ ಡಾಟ್ ಇನ್’ ಎಂಬ ಪದಗಳು ನಡುವೆ ಎಲ್ಲೋ ಬಂದು, ಕೊನೆಯಲ್ಲಿ ಇನ್ನಾವುದೋ ಹೆಸರು ಮತ್ತು ‘ಡಾಟ್ ಕಾಂ’ ಇದ್ದರೆ, ಆ ತಾಣ ಕೊನೆಯ ಹೆಸರಿನ ಒಡೆಯರದು, ಬ್ಯಾಂಕಿನದಲ್ಲ. ಬ್ಯಾಂಕಿನದೆಂದು ಹೇಳಿಕೊಂಡು ಹಣ ಅಥವಾ ಗುಪ್ತಸಂಖ್ಯೆ ಕೇಳುವ ಯಾವುದೇ ಪುಟದಲ್ಲಿ, ವಿಳಾಸದ ಆರಂಭದ ಎರಡು ಓರೆಗೆರೆಗಳಾದ ಮೇಲೆ ಬರುವ ಮೊದಲ ಓರೆಗೆರೆಯನ್ನು ಗುರುತಿಸಿ, ಅದಿಲ್ಲದಿದ್ದರೆ ವಿಳಾಸದ ಕೊನೆಯಿಂದಲೇ ಆರಂಭಿಸಿ, ಹೆಸರನ್ನು ಎಡಕ್ಕೆ ಓದಿಕೊಂಡು ಹೋಗಿ. ಮೊದಲು ಸಿಗುವುದು ‘ಬ್ಯಾಂಕ್ ಡಾಟ್ ಇನ್’ ಅಲ್ಲವಾದರೆ ಅಲ್ಲಿ ಏನನ್ನೂ ಬರೆಯಬೇಡಿ.