ಕಡಲಡಿಯ ಭೂಕಂಪಗಳ ಪರಿಶೀಲನೆ: ಜಪಾನ್ ಕಂದಕದ ನಿದರ್ಶನ

ಭೂಮಿಯ ಮಹಾಭೂಕಂಪಗಳಲ್ಲಿ ಬಹುಪಾಲು ಹುಟ್ಟುವುದು ಕಡಲಿನ ಅಡಿಯಲ್ಲಿ. ಅವುಗಳನ್ನು ಅಳೆಯುವ ಉಪಕರಣಗಳಲ್ಲಿ ಬಹುಪಾಲು ಇರುವುದಾದರೋ ನೆಲದ ಮೇಲೆ. ಈ ವಿಪರ್ಯಾಸದ ಫಲವೇನೆಂಬುದು 2011ನೆಯ ಮಾರ್ಚ್ 11ರಂದು ಜಪಾನಿನ ಈಶಾನ್ಯ ತೀರದಾಚೆ ಸಂಭವಿಸಿದ ಭೂಕಂಪದಿಂದ ವಿಶದವಾಯಿತು.

ಈ ಪ್ರದೇಶದಲ್ಲಿ ಶಾಂತಸಾಗರದ ಶಿಲಾಫಲಕವು ವರ್ಷಕ್ಕೆ ಸುಮಾರು 8 ಸೆಂಟಿಮೀಟರಿನಂತೆ ಪಶ್ಚಿಮಕ್ಕೆ ಸರಿಯುತ್ತ, ಜಪಾನನ್ನು ಹೊತ್ತ ಫಲಕದ ಅಡಿಗೆ ಇಳಿಯುತ್ತಿದೆ. ಇಳಿಯುವೆಡೆಯಲ್ಲಿ, ಕರಾವಳಿಯಿಂದ ಸುಮಾರು 200 ಕಿಲೋಮೀಟರು ದೂರದಲ್ಲಿ, 7 ಕಿಲೋಮೀಟರಿಗೂ ಹೆಚ್ಚು ಆಳವಾದ ಕಂದಕವೊಂದು ಉತ್ತರ ದಕ್ಷಿಣವಾಗಿ ಹಬ್ಬಿದೆ. ಎರಡು ಫಲಕಗಳೂ ಸಂಧಿಸುವ ಇಳಿಜಾರು ಸ್ತರಭಂಗದ ಮೇಲಂಚು ಈ ಕಂದಕದ ಬಳಿಯಲ್ಲಿದೆ. ಈ ಅಂಚು ಮೆತ್ತನೆಯ ಮಡ್ಡಿಯಿಂದ ಕೂಡಿರುವುದರಿಂದ ಅಲ್ಲಿ ಬಿಗಿತವು ಸಂಚಯವಾಗಲಾರದು, ಆದ್ದರಿಂದ ಮಹಾಭೂಕಂಪದ ಜಾರಿಕೆಯೂ ಅಲ್ಲಿಯವರೆಗೆ ಬರಲಾರದು ಎಂಬುದು ಅಂದಿನವರೆಗೆ ಅನೇಕ ವಿದ್ವಾಂಸರು ಅಂಗೀಕರಿಸಿದ್ದ ಮತ. ನೆಲದ ಮೇಲಿನ ಅಳತೆಗಳು ಇದನ್ನು ಸ್ಥಾಪಿಸಿರಲೂ ಇಲ್ಲ, ಅಲ್ಲಗಳೆದಿರಲೂ ಇಲ್ಲ. ಅಷ್ಟು ದೂರದ ಚಲನೆ ಅವುಗಳಿಗೆ ಗೋಚರವೇ ಆಗುವಂತಿರಲಿಲ್ಲ.

ಇದು ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಭೂಕಂಪವಾದ 3 ನಿಮಿಷಗಳಲ್ಲಿ ಹೊರಟ ಮೊದಲನೆಯ ಎಚ್ಚರಿಕೆಯಲ್ಲಿ ಅದರ ಪರಿಮಾಣವನ್ನು 7.9 ಎಂದೂ, ಸುನಾಮಿ ಅಲೆಯ ಎತ್ತರವನ್ನು ಮಿಯಾಗಿ ಪ್ರಾಂತಕ್ಕೆ 6 ಮೀಟರು, ಇವಾಟೆ ಮತ್ತು ಫುಕುಶಿಮಾ ಪ್ರಾಂತಗಳಿಗೆ 3 ಮೀಟರು ಎಂದೂ ಎಣಿಸಲಾಗಿತ್ತು. ನಿಜವಾದ ಪರಿಮಾಣ 9.0. ಒಂದು ಅಂಕ ಹೆಚ್ಚಿದರೆ ಹೊರಬೀಳುವ ಶಕ್ತಿ ಸುಮಾರು 32 ಮಡಿಯಾಗುವುದೆಂಬುದನ್ನು ನೆನೆದರೆ ಈ ಅಂತರವು ಎಂತಹುದೆಂದು ತಿಳಿದೀತು. ಕಡಲ ಮೇಲೆ ತೇಲುತ್ತಿದ್ದ ಬೋಯ್‌ಗಳ ಅಳತೆಯನ್ನು ನೋಡಿ ಎಚ್ಚರಿಕೆಯನ್ನು ಏರಿಸುವ ವೇಳೆಗೆ 28 ನಿಮಿಷಗಳು ಕಳೆದಿದ್ದವು. ಸತ್ತವರೂ ಕಾಣೆಯಾದವರೂ ಸೇರಿ 18,000ಕ್ಕೂ ಹೆಚ್ಚು ಮಂದಿ.

ಅಲೆ ಅಷ್ಟು ಎತ್ತರಕ್ಕೆ ಏಕೆ ಎದ್ದಿತು? ಕಮೈಶಿ ಊರಿನಾಚೆ ಕಡಲತಳದಲ್ಲಿ, ತಂತಿಯಿಂದ ದಡಕ್ಕೆ ಜೋಡಿಸಿದ ಎರಡು ಒತ್ತಡಮಾಪಕಗಳಿದ್ದವು. ಮೇಲಿರುವ ನೀರಿನ ಭಾರವನ್ನು ತೂಗುವುದೇ ಇವುಗಳ ಕೆಲಸ. ನೀರು ಮೊದಲು ಮೆಲ್ಲನೆ ಸುಮಾರು 2 ಮೀಟರು ಏರಿ, ಅನಂತರ ಥಟ್ಟನೆ ಇನ್ನೂ 3 ಮೀಟರು ಏರಿತೆಂದು ಅವು ದಾಖಲಿಸಿದವು. ಈ ಎರಡನೆಯ ನೆಗೆತಕ್ಕೆ ಕಂದಕದ ಸಮೀಪದಲ್ಲೇ ಕಡಲತಳವು ಬಹಳವಾಗಿ ಎದ್ದಿರಬೇಕು. ಅನ್ಯಥಾ ವಿವರಣೆ ಕಷ್ಟ.

ಕಡಲತಳದ ಸ್ಥಾನಪಲ್ಲಟವನ್ನು ನೇರವಾಗಿ ಅಳೆಯುವ ಉಪಾಯವೂ ಆಗ ಕೈಗೂಡಿತ್ತು. ಉಪಗ್ರಹಗಳ ರೇಡಿಯೋ ಅಲೆಗಳು ನೀರಿನೊಳಗೆ ಇಳಿಯಲಾರವು, ಶಬ್ದ ಇಳಿಯಬಲ್ಲುದು. ಹಡಗಿನ ಸ್ಥಾನವನ್ನು ಉಪಗ್ರಹದಿಂದ ನಿರ್ಧರಿಸಿ, ಹಡಗಿನಿಂದ ತಳದಲ್ಲಿಟ್ಟ ಪ್ರತಿಧ್ವನಿಕಾರಕ ಯಂತ್ರಗಳಿಗೆ ಶಬ್ದವು ಹೋಗಿಬರುವ ಕಾಲವನ್ನು ಎಣಿಸಿದರೆ, ತಳದ ಸ್ಥಾನವು ಕೆಲವೇ ಸೆಂಟಿಮೀಟರುಗಳ ನಿಖರತೆಯಿಂದ ದೊರೆಯುತ್ತದೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಫ್ರೆಡ್ ಸ್ಪೀಸ್ ಮೊದಲಾದವರು ಯೋಜಿಸಿದ ಕ್ರಮವಿದು. ನೀರಿನ ಉಷ್ಣತೆ ಬದಲಾದಂತೆ ಶಬ್ದವೇಗವೂ ಬದಲಾಗುವುದೇ ಇದರಲ್ಲಿನ ದೊಡ್ಡ ತೊಡಕು. 2011ರಲ್ಲಿ ಓಶಿಕಾ ಪರ್ಯಾಯದ್ವೀಪದ ನೆಲ 5.3 ಮೀಟರು ಸರಿದಿದ್ದರೆ, ಕಡಲತಳದ ಒಂದು ನೆಲೆ 24 ಮೀಟರೂ ಇನ್ನೊಂದು 31 ಮೀಟರೂ ಸರಿದಿದ್ದವು. 1999ರ ಆಳಪಟವನ್ನು ಭೂಕಂಪಾನಂತರದ ಪಟದೊಡನೆ ಹೋಲಿಸಲಾಗಿ, ಕಂದಕದ ಅಂಚು ಸುಮಾರು 50 ಮೀಟರು ಮುಂದಕ್ಕೆ ಸರಿದುದು ಕಂಡಿತು. ಜಾರದೆಂದು ನಂಬಿದ್ದ ಭಾಗವೇ ಎಲ್ಲಕ್ಕಿಂತ ಹೆಚ್ಚು ಜಾರಿತ್ತು.

ತಳದ ಕೆಳಗಿನ ರಚನೆಯನ್ನು ಅರಿಯಲು ಹಡಗಿನ ಹಿಂದೆ ಎಳೆದೊಯ್ಯುವ ಯಂತ್ರದಿಂದ ಅದುಮಿದ ಗಾಳಿಯನ್ನು ಸಿಡಿಸುತ್ತಾರೆ. ಆ ಸದ್ದು ನೀರಿನಲ್ಲಿ ಸೆಕೆಂಡಿಗೆ 1.5 ಕಿಲೋಮೀಟರು, ಭೂಕವಚದ ಅಡಿಯ ಮ್ಯಾಂಟಲ್ ಶಿಲೆಯಲ್ಲಿ ಸುಮಾರು 8 ಕಿಲೋಮೀಟರು ವೇಗದಲ್ಲಿ ಸಾಗುತ್ತದೆ. ಪದರದಿಂದ ಪದರಕ್ಕೆ ಬಾಗಿ ಮರಳಿದ ಅಲೆಗಳನ್ನು ಕಡಲತಳದ ಕಂಪನಮಾಪಕಗಳು ಗ್ರಹಿಸುತ್ತವೆ. ಗಟ್ಟಿ ಗಾಜಿನ ಗೋಳದಲ್ಲಿ ಅಡಗಿಸಿದ ಈ ಮಾಪಕಗಳು ತೂಕದ ಲಂಗರಿನೊಡನೆ ಮುಳುಗಿ, ಶಬ್ದಸಂಕೇತ ಬಂದಾಗ ಲಂಗರನ್ನು ಕಳಚಿ ತೇಲಿಬರುತ್ತವೆ. ತಳದಲ್ಲಿ ಕಾಲವನ್ನು ತಿದ್ದಿಕೊಳ್ಳುವ ಬಗೆಯಿಲ್ಲದ್ದರಿಂದ ಗಡಿಯಾರದ ತಪ್ಪನ್ನು ಇಳಿಸುವ ಮುನ್ನ ಮತ್ತು ಎತ್ತಿದ ಅನಂತರ ಹೋಲಿಸಿ ಹಂಚುತ್ತಾರೆ. ಬೇಸರದ ಕೆಲಸವೇ ಸರಿ, ಆದರೆ ಇದಿಲ್ಲದೆ ಉಳಿದ ಲೆಕ್ಕವೆಲ್ಲ ವ್ಯರ್ಥ.

ಈ ಅಲೆಗಳು ಸ್ತರಭಂಗದ ಆಕಾರವನ್ನು ತೋರಿಸಬಲ್ಲವೇ ಹೊರತು ಅದರ ಗುಣವನ್ನಲ್ಲ. ಅದಕ್ಕಾಗಿ 2012ರಲ್ಲಿ ಚಿಕ್ಯು ಎಂಬ ಹಡಗು ಸುಮಾರು 6,900 ಮೀಟರು ನೀರಿನ ಕೆಳಗೆ ತಳವನ್ನು ಕೊರೆದು, ತಳದಿಂದ ಸುಮಾರು 820 ಮೀಟರು ಆಳದಲ್ಲಿ ಸ್ತರಭಂಗವನ್ನು ಮುಟ್ಟಿತು. ಅದರ ದಪ್ಪ 5 ಮೀಟರಿಗಿಂತ ಕಡಮೆ. ಅಲ್ಲಿದ್ದುದು ಸ್ಮೆಕ್ಟೈಟ್ ಎಂಬ ಜಾರುವ ಜೇಡಿ. ರಂಧ್ರದಲ್ಲಿ ಇಳಿಬಿಟ್ಟ 55 ಉಷ್ಣಮಾಪಕಗಳು ಜಾರಿಕೆಯ ಉಜ್ಜಾಟದಿಂದ ಉಳಿದಿದ್ದ ಶಾಖವನ್ನು ಅಳೆದವು: ಕೇವಲ 0.31 ಡಿಗ್ರಿ ಸೆಲ್ಸಿಯಸ್. ಇದರಿಂದಲೂ ಪ್ರಯೋಗಶಾಲೆಯ ಪರೀಕ್ಷೆಯಿಂದಲೂ ಘರ್ಷಣ ಗುಣಾಂಕವು 0.08ರಷ್ಟೇ ಎಂದು ತಿಳಿಯಿತು. ಸಾಮಾನ್ಯ ಶಿಲೆಗಳಲ್ಲಿ ಅದು ಸುಮಾರು 0.6. ಆಳದಲ್ಲಿ ಮೊದಲಾದ ಜಾರಿಕೆಗೆ ಮೇಲಿನ ಮೆತ್ತನೆಯ ಅಂಚು ತಡೆಯಾಗಲಿಲ್ಲ, ದಾರಿಯಾಯಿತು. ಹಳೆಯ ಮತವು ಮಡ್ಡಿಯ ಮೆದುತನವನ್ನು ಸರಿಯಾಗಿಯೇ ಗ್ರಹಿಸಿತ್ತು. ಅದರಿಂದ ತೆಗೆದ ನಿರ್ಣಯ ಮಾತ್ರ ತಲೆಕೆಳಗಾಗಿತ್ತು.

ಈಗ ಜಪಾನಿನವರು ಈ ಕರಾವಳಿಯಾಚೆ ಕಡಲತಳದಲ್ಲಿ 150 ವೀಕ್ಷಣಾಲಯಗಳನ್ನು ತಂತಿಯಿಂದ ಪೋಣಿಸಿ ದಡಕ್ಕೆ ಜೋಡಿಸಿದ್ದಾರೆ. ಅಲೆಯು ದಡವನ್ನು ಸೇರುವುದಕ್ಕೆ ಬಹು ಮುಂಚೆಯೇ ಅದರ ಎತ್ತರ ಇವುಗಳಿಂದ ತಿಳಿಯುತ್ತದೆ. ಜಾರಿದ ಅಂಚು ಪುನಃ ಬಿಗಿದುಕೊಳ್ಳುತ್ತಿದೆಯೆ, ಬಿಗಿದುಕೊಳ್ಳುತ್ತಿದ್ದರೆ ಎಷ್ಟು ಬೇಗ, ಎಂಬುದನ್ನು ಅರಿಯುವ ಉದ್ದೇಶದಿಂದ ಚಿಕ್ಯು ಹಡಗು 2024ರ ಸೆಪ್ಟೆಂಬರಿನಲ್ಲಿ ಅದೇ ಎಡೆಗೆ ಮರಳಿ, ಡಿಸೆಂಬರಿನವರೆಗೆ ಕೊರೆಯುವ ಕಾರ್ಯವನ್ನು ನಡೆಸಿತು.