ನೀರುಗುಳ್ಳೆ ಕಾಯಿಲೆ ಪೆಂಫಿಗಸ್: ಗುಳ್ಳೆ ಒಣಗಿತು ಅಂತ ಮಾತ್ರೆ ಬಿಡಬೇಡಿ

ತುಮಕೂರು: ಮೊದಲು ಬಾಯಲ್ಲಿ ಹುಣ್ಣು, ಆಮೇಲೆ ಮೈಮೇಲೆ ನೀರುಗುಳ್ಳೆ, ಒಡೆದರೆ ಸುಟ್ಟ ಗಾಯದಂಥ ಉರಿ. ಪೆಂಫಿಗಸ್ ಎಂಬ ಈ ಚರ್ಮರೋಗವನ್ನು ಸರ್ಪಸುತ್ತು ಅಂದುಕೊಂಡು ನಾಟಿ ಲೇಪ ಹಚ್ಚುತ್ತಾ ತಿಂಗಳು ಕಳೆಯುವವರಿದ್ದಾರೆ. ಇದು ಅಂಟುರೋಗವಲ್ಲ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನಮ್ಮ ಚರ್ಮದ ಮೇಲೆ ದಾಳಿ ಮಾಡುತ್ತದೆ.

1950ರ ದಶಕದಲ್ಲಿ ಸ್ಟೀರಾಯ್ಡ್ ಬಳಕೆಗೆ ಬರುವ ಮೊದಲು ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ಡಾ. ಜೆ.ಎಸ್. ಪಸ್ರೀಚಾ ಅವರು ತಿಂಗಳಿಗೆ ಸತತ 3 ದಿನ ಡ್ರಿಪ್‌ನಲ್ಲಿ ಔಷಧಿ ಕೊಡುವ 'ಪಲ್ಸ್' ಚಿಕಿತ್ಸೆ ರೂಢಿಗೆ ತಂದರು. ಈಗ ರಿಟುಕ್ಸಿಮ್ಯಾಬ್ ಇಂಜೆಕ್ಷನ್ನೂ ಇದೆ. ಎಲ್ಲವೂ ಮಾಡುವುದು ಒಂದೇ ಕೆಲಸ, ನಿರೋಧಕ ಶಕ್ತಿ ತಗ್ಗಿಸುವುದು. ಅದರಿಂದ ಗುಳ್ಳೆ ನಿಲ್ಲುತ್ತದೆ, ಸೋಂಕಿಗೆ ಬಾಗಿಲೂ ತೆರೆಯುತ್ತದೆ. ಇವತ್ತು ಪೆಂಫಿಗಸ್ ರೋಗಿಗಳ ಸಾವಿಗೆ ದೊಡ್ಡ ಕಾರಣ ಸೋಂಕೇ.

ಒಳಗೆ ಮಲಗಿದ್ದ ಕ್ಷಯ ಏಳಬಹುದು. 2 ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮಾಡಿಸಿ. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುವ ಔಷಧಿ. ಹಾಗಾಗಿ ಸಣ್ಣ ಜ್ವರ ಬಂದರೂ ಡಾಕ್ಟರ್ ಹತ್ತಿರ ಹೋಗಬೇಕು. ಶುಗರ್, ಬಿ.ಪಿ. ಏರುವುದು, ಮುಖ ಊದುವುದು, ಮೂಳೆ ಸವೆಯುವುದು, ಕಣ್ಣಿಗೆ ಪೊರೆ ಇವೆಲ್ಲ ಇದ್ದದ್ದೇ.

ಮುಖ ಊದಿದ್ದು ನೋಡಿ ಹೆದರಿ, ಇಲ್ಲವೇ ಗುಳ್ಳೆ ಒಣಗಿತಲ್ಲ ಅಂತ ಒಂದೇ ಸಲ ಮಾತ್ರೆ ಬಿಡುವವರೂ ಉಂಟು. ಇದೇ ಅಪಾಯ. ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕರೆ ದೇಹ ತಾನೇ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಥಟ್ಟನೆ ಬಿಟ್ಟರೆ ವಾಂತಿ, ಸುಸ್ತು, ಬಿ.ಪಿ. ಕುಸಿದು ಜೀವಕ್ಕೇ ಕುತ್ತು. ಡೋಸ್ ಇಳಿಸುತ್ತಾ ಬರಬೇಕಾದವರು ವೈದ್ಯರೇ.

ಗುಬ್ಬಿ, ಕುಣಿಗಲ್‌ನಿಂದ ತುಮಕೂರಿಗೋ ಬೆಂಗಳೂರಿಗೋ ಹೋಗಿ ತೋರಿಸಿದವರಿಗೆ ಮತ್ತೆ ಹೋಗಲು ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಲೆಕ್ಕ. ಅದಕ್ಕೇ ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರ್‌ನಲ್ಲಿ ಅದೇ ಡೋಸ್ ತಗೊಳ್ಳುವುದು. ಅಂಗಡಿಯವರು ಚೀಟಿಯ ತಾರೀಕು ನೋಡಿದರೆ ಒಳ್ಳೆಯದು. ಅಜಾಥಯೋಪ್ರಿನ್ ತಗೊಳ್ಳುವವರು ಯೂರಿಕ್ ಆಸಿಡ್‌ಗೆ ಅಲೋಪ್ಯೂರಿನಾಲ್ ಕೇಳಿದರೆ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿಸಿ. ಎರಡೂ ಸೇರಿದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯುತ್ತವೆ.